ಇಂದಿನ ಧಮ್ಮ ಚಿಂತನೆ: ಅಭಿಮಾನ ಮತ್ತು ಸಮ್ಮಾ ವಾಚಾ



ಯಲಹಂಕ, ಹೆಬ್ಬಾಳದ ನಮ್ಮ ಎಷ್ಟೋ ಹುಡುಗರು ಸಿನಿಮಾ ನಟರ ಅಭಿಮಾನಿ ಗ್ರೂಪುಗಳಲ್ಲಿದ್ದಾರೆ. ಅಲ್ಲಿ ಸೇರುವಾಗ ಯಾರೂ ಜಾತಿ ಕೇಳುವುದಿಲ್ಲ. ಎಲ್ಲರೂ ‘ಅಣ್ಣ’, ‘ಗುರು’. ಊರ ಹೊರಗೆ ಬದುಕಿದವರ ಮೊಮ್ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಆದರೆ 2025ರ ಜುಲೈ ನೆನಪಿರಲಿ. ಕೊಲೆಯಾದವನ ಕುಟುಂಬಕ್ಕೆ ನ್ಯಾಯ ಸಿಗಲಿ ಎಂದು ಬರೆದ ನಟಿ ರಮ್ಯಾ ಅವರಿಗೆ, ಆ ಪ್ರಕರಣದ ಆರೋಪಿ ನಟನ ಅಭಿಮಾನಿಗಳು ಎಂದುಕೊಂಡವರು ಅಶ್ಲೀಲ ಸಂದೇಶ ಕಳಿಸಿದರು. ಅವರು 43 ಖಾತೆಗಳ ಮೇಲೆ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು; ಹಲವರ ಬಂಧನವಾಯಿತು. ಬೈಯುವಾಗ ಜೊತೆಗೆ ಸಾವಿರ ಜನ. ಠಾಣೆಯಲ್ಲಿ ಕೂತಾಗ ಒಬ್ಬನೇ.

ಬ್ರಹ್ಮಜಾಲ ಸುತ್ತದಲ್ಲಿ ಸುಪ್ಪಿಯ ಎಂಬ ಪರಿವ್ರಾಜಕ ದಾರಿಯುದ್ದಕ್ಕೂ ಬುದ್ಧರನ್ನು ನಿಂದಿಸುತ್ತಾನೆ. ಭಗವಾನರು ಭಿಕ್ಖುಗಳಿಗೆ ಹೇಳಿದ್ದಿಷ್ಟು: ನನ್ನನ್ನು ನಿಂದಿಸಿದರೆ ಸಿಟ್ಟಾಗಬೇಡಿ, ಸಿಟ್ಟಾದರೆ ಆ ಮಾತು ಸರಿಯೋ ತಪ್ಪೋ ನಿಮಗೆ ತಿಳಿಯದು. ಸುಳ್ಳಿದ್ದರೆ ಸುಳ್ಳೆಂದು ಬಿಡಿಸಿ ಹೇಳಿ. ಹೊಗಳಿದರೂ ಹಿಗ್ಗಬೇಡಿ.

ಬುದ್ಧರೇ ತಮಗಾಗಿ ಬೇಡವೆಂದ ಸಿಟ್ಟು, ಒಬ್ಬ ನಟನಿಗಾಗಿ ಏಕೆ? 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರೂ ರಾಜಕೀಯದ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದ್ದರು.

ಈ ಮಾತು ನಮಗೂ ಸೇರಿದ್ದು. ಬಾಬಾಸಾಹೇಬರನ್ನು ಯಾರಾದರೂ ಅವಮಾನಿಸಿದಾಗ ಅವರ ಮನೆಯ ಹೆಣ್ಣುಮಕ್ಕಳನ್ನು ಎಳೆದು ಬೈದವರು ನಮ್ಮಲ್ಲೂ ಇದ್ದಾರೆ. ದೂರು ಕೊಡೋಣ, ಉತ್ತರ ಬರೆಯೋಣ. ಬೈಗುಳ ಬೇಡ.

ಇಂದಿನ ಅಭ್ಯಾಸ: ರಾತ್ರಿ ಊಟಕ್ಕೆ ಕೂತಾಗ ಮಗನನ್ನು ಕೇಳಿ, “ಗ್ರೂಪಿನಲ್ಲಿ ಹೆಣ್ಣುಮಗಳನ್ನು ಬೈದಾಗ ನೀನು ಏನು ಮಾಡಿದೆ ಮಗಾ?” ಆಮೇಲೆ ಅದೇ ಪ್ರಶ್ನೆ ನಮಗೆ ನಾವೇ ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.