ವರದಿ ಯಾರದು?

ಮೂತ್ರಕೋಶದ ಕ್ಯಾನ್ಸರಿಗೆ ದೊಡ್ಡ ಆಪರೇಷನ್ ಆದ ಮನೆಗಳಲ್ಲಿ ಕೆಲವು ದಿನ ಒಂದು ಬಗೆಯ ಮೌನವಿರುತ್ತದೆ. ರೋಗಿ ಎದ್ದು ಕೂತಿರುತ್ತಾರೆ, ಗಂಜಿ ಕುಡಿದಿರುತ್ತಾರೆ, ನೋಡಲು ಬಂದವರ ಹತ್ತಿರ ನಾಲ್ಕು ಮಾತೂ ಆಡಿರುತ್ತಾರೆ. ಆದರೂ ಯಾರೂ ಪೂರ್ತಿ ನಗುವುದಿಲ್ಲ. ಪೆಥಾಲಜಿ ವರದಿ ಇನ್ನೂ ಬಂದಿರುವುದಿಲ್ಲ. ಮೂತ್ರಕೋಶದ ಜೊತೆಗೆ ಕಿಬ್ಬೊಟ್ಟೆಯ ಎರಡೂ ಬದಿಯ ದುಗ್ಧಗ್ರಂಥಿಗಳನ್ನು ತೆಗೆದು ಕಳಿಸಿರುತ್ತಾರೆ. ಅವುಗಳನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಒಟ್ಟು ಎಷ್ಟು ಸಿಕ್ಕವು, ಎಷ್ಟರಲ್ಲಿ ಕ್ಯಾನ್ಸರ್ ಕೋಶಗಳಿವೆ ಎಂದು ಎಣಿಸುತ್ತಾರೆ. ಒಂದರಲ್ಲೂ ಇಲ್ಲದಿದ್ದರೆ ಎನ್‌0. ಒಂದರಲ್ಲಿದ್ದರೆ ಎನ್‌1, ಹೆಚ್ಚಿನವುಗಳಲ್ಲಿದ್ದರೆ ಎನ್‌2, ಇನ್ನೂ ಮೇಲೆ ದೊಡ್ಡ ರಕ್ತನಾಳದ ಪಕ್ಕದ ಗ್ರಂಥಿಗಳಿಗೆ ಏರಿದ್ದರೆ ಎನ್‌3. ಮುಂದಿನ ದಾರಿ ಹೇಗೆ ಎಂಬುದರ ಬಗ್ಗೆ ವೈದ್ಯರು ಹೆಚ್ಚು ನಂಬುವ ಸುಳಿವುಗಳಲ್ಲಿ ಇದೂ ಒಂದು.

2024ರ ಡಿಸೆಂಬರ್ 24ರಂದು ಅಮೆರಿಕದ ಮಯಾಮಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ನಟ ಶಿವರಾಜ್‌ಕುಮಾರ್ ಅವರ ಮೂತ್ರಕೋಶವನ್ನು ತೆಗೆದು, ಅವರದೇ ಕರುಳಿನಿಂದ ಹೊಸದೊಂದನ್ನು ಮಾಡಿ ಜೋಡಿಸಿದಾಗ ಈ ಕಾಯುವಿಕೆ ಇಡೀ ಕರ್ನಾಟಕದ್ದಾಯಿತು. ಹೊಸ ವರ್ಷದ ದಿನ ಗಂಡ ಹೆಂಡತಿ ವಿಡಿಯೊದಲ್ಲಿ ಕಾಣಿಸಿಕೊಂಡು, ವರದಿ ನೆಗೆಟಿವ್ ಬಂದಿದೆ ಎಂದರು. ಬಾಯಿಬಿಟ್ಟು ಹೇಳಲಾಗದ ರೋಗವೊಂದು ನಮ್ಮ ಚನ್ನಪಟ್ಟಣದ ಟೀ ಅಂಗಡಿಯ ಮಾತಾಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ಒಳ್ಳೆಯ ವರದಿಗೆ ಎಲ್ಲರೂ ವಾರಸುದಾರರು. ಕೆಟ್ಟ ವರದಿ ಬಂದಾಗ ಅದು ಯಾರದು ಎನ್ನುವುದು ನನ್ನ ಪ್ರಶ್ನೆ.

ಕನಕಪುರ ತಾಲ್ಲೂಕಿನ ನಮ್ಮ ದೊಡ್ಡಪ್ಪ ನಲವತ್ತು ವರ್ಷ ಬೀಡಿ ಸೇದಿದವರು. ಮೂತ್ರದಲ್ಲಿ ರಕ್ತ ಬಂದಾಗ ನೋವಿರಲಿಲ್ಲ. ನೋವಿಲ್ಲದ್ದು ರೋಗವಲ್ಲ ಎಂಬ ಲೆಕ್ಕದಲ್ಲಿ ಉಷ್ಣವೆಂದು ಎಳನೀರು, ಬಾರ್ಲಿ ನೀರು ಕುಡಿದು ತಿಂಗಳುಗಳು ಹೋದವು. (ಈ ರೋಗ ಬಹಳ ಸಲ ನೋವಿಲ್ಲದ ರಕ್ತವಾಗಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ಓದುವವರ ಮನೆಯಲ್ಲಿ ಬೀಡಿ ಸೇದುವ ಹಿರಿಯರಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ.) ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಹದಿನೆಂಟು ಗ್ರಂಥಿಗಳಲ್ಲಿ ಎರಡರಲ್ಲಿ ಕ್ಯಾನ್ಸರ್ ಇತ್ತು. ಮಗ ಡಾಕ್ಟರಿಗೆ ಕೈಮುಗಿದು, “ಅಪ್ಪಂಗೆ ಮಾತ್ರ ಹೇಳ್ಬೇಡಿ ಸಾರ್, ಧೈರ್ಯ ಕಳ್ಕೊಂಬುಡ್ತಾರೆ” ಎಂದ. ಅಪ್ಪನಿಗೆ, “ಎಲ್ಲಾ ತೆಗ್ದವ್ರೆ, ಏನೂ ಉಳ್ದಿಲ್ಲ” ಎಂದ.

ಅವನು ಅಡಗಿಸಿದ್ದು ಏನನ್ನು? ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಈ ಶಸ್ತ್ರಚಿಕಿತ್ಸೆಯಾದ 1,054 ಜನರ ಲೆಕ್ಕವನ್ನು 2001ರಲ್ಲಿ ಪ್ರಕಟಿಸಿದರು. ಅವರಲ್ಲಿ 246 ಜನರ ಗ್ರಂಥಿಗಳಿಗೆ ರೋಗ ಹರಡಿತ್ತು. ಈ 246 ಜನರಲ್ಲಿ ಐದು ವರ್ಷಕ್ಕೆ ರೋಗ ಮರುಕಳಿಸದೆ ಉಳಿದ ಪ್ರಮಾಣ ಶೇ. 35. ಹತ್ತು ವರ್ಷಕ್ಕೆ ಶೇ. 34. ಮೊದಲ ಅಂಕಿ ಎದೆ ಒಡೆಯುವಂಥದ್ದು. ಎರಡನೆಯದನ್ನು ಪಕ್ಕದಲ್ಲಿಟ್ಟು ಓದಿದರೆ ಬೇರೆಯದೇ ಸಂಗತಿ ಕಾಣುತ್ತದೆ: ಐದು ವರ್ಷ ದಾಟಿದವರು ಬಹುಪಾಲು ದಾಟಿಯೇ ಬಿಟ್ಟರು. ನಮ್ಮವರು ಯಾವ ಗುಂಪಿಗೆ ಸೇರಿದವರು ಎಂಬುದು ಮಾತ್ರ ಆ ಕಾಗದದಲ್ಲಿಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರೀಲರ್ ಒಂದು ಲಾಟಿನಿಂದ ಹಿಡಿ ಗೂಡು ತೆಗೆದು, ಒತ್ತಿ, ಅಲುಗಿಸಿ ನೋಡಿ ಬೆಲೆ ಕಟ್ಟುತ್ತಾನೆ. ಲಾಟಿನ ಬಗ್ಗೆ ಅವನ ಅಂದಾಜು ತಪ್ಪುವುದು ಕಡಿಮೆ. ಒಂದು ಗೂಡನ್ನು ತೋರಿಸಿ ಇದರಲ್ಲಿ ಎಷ್ಟು ನೂಲಿದೆ ಎಂದು ಕೇಳಿದರೆ, ಬಿಚ್ಚಿ ನೋಡಬೇಕು ಎನ್ನುತ್ತಾನೆ. ಇನ್ನೊಂದು ತಮಾಷೆಯೂ ಇದೆ. ಒಳ್ಳೆಯ ಲಾಟಿನಲ್ಲಿರುವ ಸಾಧಾರಣ ಗೂಡುಗಳನ್ನು ಆರಿಸಿ, ಅವಕ್ಕಿಂತ ಕಳಪೆಯಾದ ಲಾಟಿಗೆ ಹಾಕಿ. ಎರಡೂ ಲಾಟುಗಳ ಸರಾಸರಿ ಮೇಲೇರುತ್ತದೆ, ಒಂದು ಗೂಡಿನ ತೂಕವೂ ಗುಲಗಂಜಿಯಷ್ಟು ಹೆಚ್ಚಿರುವುದಿಲ್ಲ. ಕ್ಯಾನ್ಸರಿನ ಅಂಕಿಗಳಲ್ಲೂ ಹೀಗಾಗುತ್ತದೆ ಎಂದು 1985ರಲ್ಲಿ ಆಲ್ವನ್ ಫೈನ್‌ಸ್ಟೀನ್ ಮತ್ತು ಸಂಗಡಿಗರು ತೋರಿಸಿದರು. ಗ್ರಂಥಿಗಳನ್ನು ಹೆಚ್ಚು ಜಾಗ್ರತೆಯಿಂದ ಹುಡುಕಿದಷ್ಟೂ ನಿನ್ನೆಯ ಎನ್‌0 ಇಂದಿನ ಎನ್‌1 ಆಗುತ್ತದೆ. ಎರಡೂ ಗುಂಪಿನ ಆಯಸ್ಸು ಹೆಚ್ಚಿದಂತೆ ಕಾಣುತ್ತದೆ.

ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್‌ಗೆ 1982ರಲ್ಲಿ ಮೀಸೋಥೀಲಿಯೋಮ ಎಂಬ ಬೇರೊಂದು ಕ್ಯಾನ್ಸರ್ ಬಂತು. ಬದುಕುಳಿಯುವ ಅವಧಿಯ ಮಧ್ಯಾಂಕ ಎಂಟು ತಿಂಗಳು ಎಂದು ಅವರು ಗ್ರಂಥಾಲಯದಲ್ಲಿ ಕಂಡುಕೊಂಡರು. ಮಧ್ಯಾಂಕವೆಂದರೆ ಅರ್ಧ ಜನ ಅದರಾಚೆಗೂ ಬದುಕುತ್ತಾರೆ ಎಂದರ್ಥ, ಎಷ್ಟು ಆಚೆಗೆ ಎಂಬುದಕ್ಕೆ ಅಲ್ಲಿ ಮಿತಿಯಿಲ್ಲ ಎಂದು 1985ರಲ್ಲಿ ಬರೆದರು. ತೀರಿಕೊಂಡದ್ದು 2002ರಲ್ಲಿ, ಇನ್ನೊಂದು ಕ್ಯಾನ್ಸರಿನಿಂದ. ಗೌಲ್ಡ್ ಕಥೆಯನ್ನು ಭರವಸೆಯ ಮಾತ್ರೆಯಂತೆ ಹಂಚುವವರಿದ್ದಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು, ಅಂಕಿಯನ್ನು ಅವರೇ ಹುಡುಕಿ ಓದಿದರು ಎಂಬುದು. ಅದರ ಜೊತೆ ಜಗಳವಾಡುವ ಅವಕಾಶ ಅವರಿಗಿತ್ತು.

ವರದಿಯನ್ನು ತೀರ್ಪು ಎಂದುಕೊಂಡವರೇ ಅದನ್ನು ಮುಚ್ಚಿಡುತ್ತಾರೆ. ಅಪ್ರಿಯವಾದ ಸತ್ಯ ಹೇಳಬಾರದು ಎಂಬ ಹಳೆಯ ಬುದ್ಧಿಮಾತು ಅವರ ನೆರವಿಗೆ ಬರುತ್ತದೆ. ಪ್ರಿಯವಾದ ಸುಳ್ಳಿಗೂ ಅಲ್ಲೇ ನಿಷೇಧವಿರುವುದನ್ನು ಯಾರೂ ಎತ್ತುವುದಿಲ್ಲ. ಇತ್ತ ದೊಡ್ಡಪ್ಪ ಒಂದು ಸಂಜೆ ನನ್ನನ್ನು ಕೇಳಿದರು: “ಎಲ್ಲಾ ತೆಗ್ದವ್ರೆ ಅಂದ್ಮೇಲೆ ಈಗ ಕೀಮೋ ಯಾಕ್ ಮಗ?” ಸುಳ್ಳು ಹೇಳಲಿಲ್ಲ. ಡಾಕ್ಟರನ್ನೇ ಕೇಳೋಣ ಎಂದೆ. ತನ್ನ ನರಕ್ಕೆ ಸೂಜಿ ಚುಚ್ಚುವುದು ಯಾಕೆಂದು ತಿಳಿಯದ ಮನುಷ್ಯ ಅದಕ್ಕೆ ಒಪ್ಪಿದ್ದಾನೆ ಎಂದು ಹೇಗೆ ಹೇಳುವುದು?

ಹಾಗೆಂದು ಕೇಳದವರ ಮುಂದೆ ಶೇಕಡಾವಾರು ಸುರಿಯುವುದನ್ನೂ ನಾನು ಪ್ರಾಮಾಣಿಕತೆ ಎನ್ನಲಾರೆ. ತಿಳಿಯದಿರುವ ಹಕ್ಕೂ ರೋಗಿಗೆ ಇದೆ. ಅದನ್ನು ಬಳಸಬೇಕಾದವರು ಅವರೇ, ಅವರ ಪರವಾಗಿ ಮಗನಲ್ಲ. ಆ ಡಾಕ್ಟರು ಮಗನೊಡನೆ ಮಾತಾಡಿ ಒಪ್ಪಿಸಿ, ದೊಡ್ಡಪ್ಪನ ಎದುರು ಕುರ್ಚಿ ಎಳೆದು ಕೂತು, “ಎಷ್ಟು ತಿಳೀಬೇಕು ಯಜಮಾನ್ರೇ ನಿಮಗೆ?” ಎಂದು ಕೇಳಿದರು.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಎಲ್ಲಾ ಬ್ಯಾಡ ಸ್ವಾಮಿ. ನಾನು ದುಡಿದು ತಗಂಡ ಹಿಪ್ಪುನೇರಳೆ ತೋಟ ಒಂದೈತೆ. ಮಗಳ ಹೆಸ್ರಿಗೆ ಬರೀಬೇಕು ಅಂತಿದ್ದೆ. ಅವಸರ ಮಾಡ್ಬೇಕಾ, ನಿಧಾನಕ್ಕೆ ಆಯ್ತದಾ? ಅಷ್ಟ್ ಹೇಳಿ.”

“ಈ ವರ್ಷವೇ ಮಾಡಿಬಿಡಿ” ಎಂದರು ಡಾಕ್ಟರು. “ಗ್ರಂಥಿಗೆ ಸ್ವಲ್ಪ ಹರಡಿತ್ತು, ಅದಕ್ಕೇ ಕೀಮೋ. ಬೆಳೆ ಮಾತ್ರ ನಿಲ್ಲಿಸಬೇಡಿ.”

ಎರಡನೆಯ ಕೀಮೋ ಮುಗಿದ ಮೇಲೆ ಅವರು ಕನಕಪುರದ ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ತೋಟವನ್ನು ಮಗಳಿಗೆ ಬರೆದುಕೊಟ್ಟರು. ಮಗ ಮೂರು ವಾರ ಮಾತು ಬಿಟ್ಟ. ಅಷ್ಟು ದಿನ ವರದಿ ಮುಚ್ಚಿಟ್ಟದ್ದರಲ್ಲಿ ಪ್ರೀತಿ ಎಷ್ಟಿತ್ತು, ಬೇರೆ ಲೆಕ್ಕ ಎಷ್ಟಿತ್ತು ಎಂದು ನಾನು ಕೇಳಲು ಹೋಗಲಿಲ್ಲ. ಅವನಿಗೂ ಗೊತ್ತಿರಲಾರದು. ಆ ಹೊತ್ತಿಗೆ ಹುಳು ನಾಲ್ಕನೇ ಜ್ವರ ಎದ್ದಿದ್ದವು, ಹೊತ್ತು ಹೊತ್ತಿಗೆ ಸೊಪ್ಪು ಬೇಕಿತ್ತು, ಮುನಿಸಿಕೊಂಡೇ ಅಪ್ಪ ಮಗ ಇಬ್ಬರೂ ಸೊಪ್ಪು ಹಾಕುತ್ತಿದ್ದರು.