ದೂರಿಗೆ ಉತ್ತರ ಕೊಡುವುದೆಂದರೆ

ಪ್ರಾಧ್ಯಾಪಕರೊಬ್ಬರ ಮಾತಿನಿಂದ ನೊಂದವರು ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟಾಗ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಅದು ಅವರ ವೈಯಕ್ತಿಕ ಅಭಿಪ್ರಾಯ, ಹೇಳುವ ಸ್ವಾತಂತ್ರ್ಯ ಅವರಿಗಿದೆ. ಈ ಉತ್ತರ ತಪ್ಪಲ್ಲ. ಆದರೆ ಸಾಕೇ?

1990ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಅವರಿಗೆ ತುರ್ಕಿ ರಾಯಭಾರಿಯಿಂದ ಪತ್ರವೊಂದು ಬಂತು. ನಾಜಿ ವೈದ್ಯರ ಕುರಿತ ತಮ್ಮ ಪುಸ್ತಕದಲ್ಲಿ ಅವರು ಆರ್ಮೇನಿಯನ್ನರ ನರಮೇಧವನ್ನು ಪ್ರಸ್ತಾಪಿಸಿದ್ದಕ್ಕೆ ಅದರಲ್ಲಿ ಆಕ್ಷೇಪವಿತ್ತು. ಅದೇ ಲಕೋಟೆಯಲ್ಲಿ ಕೈತಪ್ಪಿ ಬೇರೆ ಕಾಗದಗಳೂ ಸೇರಿಕೊಂಡಿದ್ದವು. ಆ ಪತ್ರದ ಕರಡನ್ನು ಬರೆದುಕೊಟ್ಟವರು ಇತಿಹಾಸಕಾರ ಹೀತ್ ಲೌರಿ ಎಂಬುದು ಅವುಗಳಿಂದ ತಿಳಿಯಿತು. ಮುಂದೆ ಲೌರಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ, ತುರ್ಕಿ ಸರ್ಕಾರದ ಹಣದ ನೆರವಿನಿಂದ ಸ್ಥಾಪನೆಯಾದ ಅತಾತುರ್ಕ್ ಪೀಠಕ್ಕೆ ಬಂದರು. 1995ರಲ್ಲಿ ಲಿಫ್ಟನ್ ಮತ್ತು ಇನ್ನಿಬ್ಬರು ವಿದ್ವಾಂಸರು ಲೇಖನ ಬರೆದು ಇದನ್ನೆಲ್ಲ ಬಯಲಿಗಿಟ್ಟಾಗ ಪ್ರತಿಭಟನೆ ಎದ್ದಿತು. ವಿಶ್ವವಿದ್ಯಾಲಯ ತನ್ನ ನೇಮಕವನ್ನು ಸಮರ್ಥಿಸಿಕೊಂಡಿತು.

ಇಲ್ಲಿ ತಕರಾರು ಇದ್ದದ್ದು ಅಭಿಪ್ರಾಯದ ಬಗ್ಗೆ ಮಾತ್ರವಲ್ಲ. ವಿದ್ವಾಂಸರೊಬ್ಬರ ಲೇಖನಿ ತನ್ನ ಹೆಸರು ಹೇಳದೆ ಸರ್ಕಾರವೊಂದರ ಕೆಲಸ ಮಾಡಿಕೊಟ್ಟಿತ್ತು. ಸ್ವಾತಂತ್ರ್ಯದ ಮಾತು ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ನೊಂದವರು ಕೇಳಿದೊಡನೆ ಪ್ರಾಧ್ಯಾಪಕರನ್ನು ಕಿತ್ತುಹಾಕಬೇಕೇ? ಇಸ್ತಾಂಬುಲ್ ಕಡೆ ನೋಡಿ. 2005ರ ಮೇ ತಿಂಗಳಲ್ಲಿ ಬೊವಾಜಿಚಿ ವಿಶ್ವವಿದ್ಯಾಲಯದಲ್ಲಿ ಆರ್ಮೇನಿಯನ್ನರಿಗೆ ಏನಾಯಿತೆಂದು ಮುಕ್ತವಾಗಿ ಚರ್ಚಿಸಲು ವಿದ್ವಾಂಸರು ಸಮ್ಮೇಳನ ಕರೆದರು. ಇದು ಬೆನ್ನಿಗೆ ಚೂರಿ ಹಾಕಿದಂತೆ ಎಂದು ನ್ಯಾಯ ಮಂತ್ರಿ ಸಂಸತ್ತಿನಲ್ಲಿ ಗುಡುಗಿದರು. ಸಮ್ಮೇಳನ ಮುಂದಕ್ಕೆ ಹೋಯಿತು. ಸೆಪ್ಟೆಂಬರಿನಲ್ಲಿ ನ್ಯಾಯಾಲಯದ ತಡೆ ಬಂತು. ಕೊನೆಗೆ ಬಿಲ್ಗಿ ವಿಶ್ವವಿದ್ಯಾಲಯ ಜಾಗ ಕೊಟ್ಟಿತು. ಹೊರಗೆ ಮೊಟ್ಟೆ, ಟೊಮೆಟೊ ತೂರಾಡುತ್ತಿದ್ದರೂ ಸಮ್ಮೇಳನ ನಡೆಯಿತು. ತಮಗೆ ನೋವಾಗಿದೆ ಎಂದವರು ಅಲ್ಲಿಯೂ ಇದ್ದರು, ಅವರ ಹಿಂದೆ ಅಧಿಕಾರವೂ ಇತ್ತು. ನೋವೊಂದೇ ಅಳತೆಗೋಲಾದರೆ ಗಟ್ಟಿಯಾಗಿ ಕೂಗಬಲ್ಲವರ ನೋವೇ ಗೆಲ್ಲುತ್ತದೆ.

ಆದ್ದರಿಂದ ವಿಶ್ವವಿದ್ಯಾಲಯ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡಬೇಕು. ಪ್ರಾಧ್ಯಾಪಕರು ಮಾತಾಡಬಹುದೇ? ಹೌದು. ಆಡಿದ ಮಾತಿಗೆ ಆಧಾರವಿದೆಯೇ, ಅದರ ಹಿಂದೆ ಯಾರ ಹಣ, ಯಾರ ಹಿತ ಇದೆ? ಇದನ್ನು ಎಲ್ಲರ ಎದುರು ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸಿದರೆ ಯಾರ ಸ್ವಾತಂತ್ರ್ಯಕ್ಕೂ ಕುಂದಿಲ್ಲ. ವಿಶ್ವವಿದ್ಯಾಲಯ ಇರುವುದೇ ಅದಕ್ಕೆ. ಮೊದಲನೆಯದಕ್ಕೆ ಉತ್ತರಿಸಿ ಎರಡನೆಯದನ್ನು ನುಂಗಿಕೊಂಡರೆ, 1915ರಲ್ಲಿ ಸಿರಿಯಾದ ಮರುಭೂಮಿಗೆ ಅಟ್ಟಲ್ಪಟ್ಟವರ ಮೊಮ್ಮಕ್ಕಳು ಸತ್ಯ ಕೇಳಲು ಬಂದು ನಿಯಮಾವಳಿ ಓದಿಸಿಕೊಂಡು ಹೋಗಬೇಕಾಗುತ್ತದೆ.