ಇಂದಿನ ಧಮ್ಮ ಚಿಂತನೆ: ಕೊನೆಯ ದಿನದ ಫಳಾರ



ಊರು ನೋಡಲು ಹೋದವರಿಗೆ ಕೊನೆಯ ದಿನ ಬಂತೆಂದರೆ ಒಂದು ಬಗೆಯ ಅವಸರ ಹತ್ತಿಕೊಳ್ಳುತ್ತದೆ. ಮೊದಲ ದಿನ ಒಂದು ಗುಡಿಯ ಮುಂದೆ ಅರ್ಧ ತಾಸು ನಿಂತವರೇ ಕೊನೆಯ ದಿನ ಐದು ನಿಮಿಷಕ್ಕೊಂದು ಜಾಗ ಮುಗಿಸುತ್ತಾರೆ. ಆಮೇಲೆ ಅಂಗಡಿ ಸಾಲು. "ಇಷ್ಟು ದೂರ ಬಂದು ಬರಿಗೈಲಿ ಹೋಗೋದಾ?" ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಇವತ್ತು ಈ ಮಾತನ್ನೇ ಹಿಡಿದು ಯೋಚಿಸೋಣ. ಬರಿಗೈಲಿ ಮರಳಲು ನಮಗೇಕೆ ಅಷ್ಟು ಅಳುಕು? ನೆನಪಿಗೊಂದು ವಸ್ತು ಬೇಕೆನ್ನಿಸುವುದು ತೃಷ್ಣೆಯೋ, ಪ್ರೀತಿಯೋ?

ನಮ್ಮ ಶಾಲೆಯ ಮಕ್ಕಳ ಪ್ರವಾಸ ಸಾಮಾನ್ಯವಾಗಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮುಗಿಸಿ ಕೊನೆಯ ದಿನ ಮೈಸೂರಿಗೆ ಬಂದು ಮುಟ್ಟುತ್ತದೆ. ಅರಮನೆಯ ಮುಂದೆ ನಿಂತಾಗ ಮಕ್ಕಳಿಗೆ ಒಂದು ಸಂಗತಿ ಹೇಳುತ್ತೇನೆ. ಈಗ ನೀವು ನೋಡುತ್ತಿರುವುದು ಹಳೆಯ ಅರಮನೆಯಲ್ಲ. ಮರದಿಂದ ಕಟ್ಟಿದ್ದ ಆ ಅರಮನೆ 1897ರಲ್ಲಿ, ರಾಜಮನೆತನದ ಮದುವೆಯ ಸಮಯದಲ್ಲೇ, ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಕಟ್ಟಿದ ಈ ಅರಮನೆ ಮುಗಿದದ್ದು 1912ರಲ್ಲಿ. ಶಾಶ್ವತವೆಂಬಂತೆ ಕಾಣುವುದು ಕೂಡ ಸುಟ್ಟುಹೋದದ್ದರ ಜಾಗದಲ್ಲಿ ನಿಂತಿರುತ್ತದೆ. ಅನಿತ್ಯ ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ. ಆದರೂ ಮಕ್ಕಳು ಕೇಳುವ ಮುಂದಿನ ಪ್ರಶ್ನೆ ಒಂದೇ: "ಸಾರ್, ಮಾರ್ಕೆಟ್ಟಿಗೆ ಯಾವಾಗ?"

ಅದಕ್ಕೆ ನಗು ಬರುತ್ತದೆ, ಸಿಟ್ಟು ಬರುವುದಿಲ್ಲ. ಏಕೆಂದರೆ ಭಗವಾನ್ ಬುದ್ಧರಿಗೂ ಒಂದು ಊರಿನಲ್ಲಿ ಕೊನೆಯ ದಿನ ಬಂದಿತ್ತು. ದೀಘನಿಕಾಯದ ಮಹಾಪರಿನಿಬ್ಬಾಣ ಸುತ್ತದಲ್ಲಿ ಅದು ವಿವರವಾಗಿದೆ. ಅವರಿಗೆ ಆಗ 80 ವರ್ಷ, ಶರೀರ ಸೋತಿತ್ತು. ವೈಶಾಲಿಯ ಚಾಪಾಲ ಚೈತ್ಯದಲ್ಲಿ ಕುಳಿತು ಅವರು ಆನಂದನಿಗೆ ಹೇಳಿದ್ದು, ವೈಶಾಲಿ ಎಷ್ಟು ಸೊಗಸಾಗಿದೆ ಎಂದು. ಉದೇನ, ಗೋತಮಕ, ಬಹುಪುತ್ತ ಎಂದು ಊರಿನ ಚೈತ್ಯಗಳ ಹೆಸರು ಹೇಳಿ ಒಂದೊಂದನ್ನೂ ಮೆಚ್ಚಿದರು. ಮುಂದೆ ಊರು ಬಿಟ್ಟು ಹೊರಟಾಗ ಆನೆ ತಿರುಗುವಂತೆ ಇಡೀ ಮೈಯನ್ನು ತಿರುಗಿಸಿ ವೈಶಾಲಿಯನ್ನು ನೋಡಿದರು. ಇದು ತಥಾಗತನ ಕೊನೆಯ ನೋಟ ಎಂದು ಆನಂದನಿಗೆ ತಿಳಿಸಿ ಭಂಡಗಾಮದ ದಾರಿ ಹಿಡಿದರು.

ವೈರಾಗ್ಯವೆಂದರೆ ಯಾವುದೂ ಚೆಂದವಿಲ್ಲ ಎನ್ನುವುದು ಎಂದು ತಿಳಿದವರು ಈ ಭಾಗವನ್ನು ಮತ್ತೊಮ್ಮೆ ಓದಬೇಕು. ಬುದ್ಧರು ಚೆಂದವನ್ನು ಚೆಂದ ಎಂದರು, ಪೂರ್ತಿಯಾಗಿ ತಿರುಗಿ ನೋಡಿದರು, ನಂತರ ನಡೆದರು. ಕೊನೆಯ ದಿನದ ನಮ್ಮ ಅವಸರದಲ್ಲಿ ಇಲ್ಲದಿರುವುದು ಆ ಪೂರ್ತಿ ನೋಟ. ನೋಡುವುದು ಅರ್ಧಕ್ಕೇ ನಿಂತಿರುವುದರಿಂದ ಉಳಿದರ್ಧವನ್ನು ಚೀಲದಲ್ಲಿ ತುಂಬಿಕೊಂಡು ಹೋಗಲು ನೋಡುತ್ತೇವೆ.

ಆದರೆ ಕಥೆಗೆ ಇನ್ನೊಂದು ಮಗ್ಗುಲಿದೆ. 5ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದಿದ್ದ ಚೀನಾದ ಭಿಕ್ಷು ಫಾಹಿಯಾನ್ ತಾನು ಕೇಳಿದ್ದನ್ನು ಬರೆದಿಟ್ಟಿದ್ದಾನೆ. ವೈಶಾಲಿಯ ಲಿಚ್ಛವಿಗಳು ಬುದ್ಧರನ್ನು ಬಿಟ್ಟಿರಲಾರದೆ ಅವರ ಹಿಂದೆಯೇ ನಡೆದರಂತೆ. ಎಷ್ಟು ಹೇಳಿದರೂ ಮರಳಲಿಲ್ಲವಂತೆ. ಆಗ ಬುದ್ಧರು ತಮ್ಮ ಭಿಕ್ಷಾಪಾತ್ರೆಯನ್ನು ಅವರಿಗೆ ಕುರುಹಾಗಿ ಕೊಟ್ಟು ಮನೆಗೆ ಕಳಿಸಿದರಂತೆ. ನೆನಪಿನ ವಸ್ತು ಬೇಕೆನ್ನುವುದೇ ತಪ್ಪಾಗಿದ್ದರೆ, ಅನಿತ್ಯವನ್ನು ಜೀವನವಿಡೀ ಬೋಧಿಸಿದವರು ಆ ಪಾತ್ರೆಯನ್ನು ಏಕೆ ಕೊಡುತ್ತಿದ್ದರು? ಅಳುವವರ ಕೈಯಲ್ಲಿ ಏನಾದರೂ ಇಡಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ತನಗಾಗಿ ಕೂಡಿಡುವುದಕ್ಕೂ ಇನ್ನೊಬ್ಬರ ಕೈಯಲ್ಲಿ ಇಡುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ.

ಈ ಅಂತರ ನಮ್ಮ ಸೀಮೆಯ ಜನಕ್ಕೆ ಹೊಸದಲ್ಲ. ನಮ್ಮ ಉಕ್ಕಡಗಾತ್ರಿಯನ್ನೇ ನೋಡಿ. ಅಮಾವಾಸ್ಯೆ ಬಂದರೆ ತುಂಗಭದ್ರೆಯ ದಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಜ್ಜಯ್ಯನ ಗದ್ದುಗೆಗೆ ಬಂದವರು ಹೊರಡುವ ಮುಂಚೆ ಮಂಡಕ್ಕಿ, ಬೆಂಡು, ಬತ್ತಾಸು, ಖಾರ ಕಟ್ಟಿಸಿಕೊಳ್ಳುತ್ತಾರೆ. ಅದೇ ಫಳಾರ. ಊರಿಗೆ ಹೋದ ಮೇಲೆ ಅದನ್ನು ಓಣಿಗೆಲ್ಲ ಹಂಚುತ್ತಾರೆ. ಹೋಗಲಾಗದ ಮುದುಕಿಗೆ, ಬಾಣಂತಿಗೆ, ಕೂಲಿ ತಪ್ಪಿಸಿಕೊಳ್ಳಲಾರದ ನೆರೆಮನೆಯವರಿಗೆ ಒಂದೊಂದು ಹಿಡಿ ಸಿಗಲೇಬೇಕು. ಸಂಜೆಯ ಹೊತ್ತಿಗೆ ಎಲ್ಲವೂ ಖಾಲಿ. ಶೋಕೇಸಿನಲ್ಲಿ ಇಡುವಂಥದ್ದಲ್ಲ ಅದು. ಖರ್ಚಾದರೇ ಅದಕ್ಕೆ ಸಾರ್ಥಕ.

ಶಾಲೆಯ ಪ್ರವಾಸದಲ್ಲಿ ನಮಗೆ ನಿಜವಾಗಿ ನೋವಾಗುವ ವಿಷಯವೂ ಇದಕ್ಕೇ ಸಂಬಂಧಿಸಿದ್ದು. ಪ್ರವಾಸದ ದುಡ್ಡು ಕಟ್ಟಲಾಗದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಸೋಮವಾರ ಶಾಲೆ ತೆರೆದಾಗ ಹೋಗಿ ಬಂದವರ ಬ್ಯಾಗಿನಲ್ಲಿ ಹೊಸ ಕೀಚೈನ್ ತೂಗಾಡುತ್ತಿರುತ್ತದೆ. ಉಳಿದವರು ಪುಸ್ತಕದಲ್ಲಿ ಏನೋ ಹುಡುಕುವಂತೆ ತಲೆ ತಗ್ಗಿಸಿರುತ್ತಾರೆ. ಒಂದು ಸಣ್ಣ ವಸ್ತು ತರಗತಿಯನ್ನು 'ಹೋದವರು', 'ಹೋಗದವರು' ಎಂದು ಎರಡು ಮಾಡಿಬಿಡುತ್ತದೆ. ಒಂದು ವರ್ಷ ಏಳನೇ ತರಗತಿಯ ಹುಡುಗನೊಬ್ಬ ದೇವರಾಜ ಮಾರ್ಕೆಟ್ ಸುತ್ತಾಡಿ, ತನ್ನಲ್ಲಿದ್ದ ನೂರು ರೂಪಾಯಿಗೂ ಮೈಸೂರು ಪಾಕ್ ಕೊಂಡ. ದಾರಿಯಲ್ಲಿ ಗೆಳೆಯರು ಎಷ್ಟು ಕೇಳಿದರೂ ಪೊಟ್ಟಣ ಬಿಚ್ಚಲಿಲ್ಲ. ಜಿಪುಣ ಎಂದು ರೇಗಿಸಿದರು. ಸೋಮವಾರ ಅವನೇ ಎದ್ದು ಬಂದು, "ನಾವೇನು ನೋಡಿ ಬಂದೀವಲ್ಲ ಸಾರ್. ಇದು ಬರದೇ ಇದ್ದೋರಿಗೆ" ಎಂದು ಪುಡಿಯಾಗಿದ್ದ ಆ ಸಿಹಿಯನ್ನು ಒಂಬತ್ತು ಪಾಲು ಮಾಡಿದ. ದಾನ ಪಾರಮಿ ಎಂಬ ಪದ ಅವನಿಗೆ ಗೊತ್ತಿರಲಿಲ್ಲ. ಅವನ ಮನೆಯಲ್ಲಿ ಫಳಾರ ಹಂಚುವುದು ಗೊತ್ತಿತ್ತು.

ಹಾಗಾದರೆ ಚನ್ನಪಟ್ಟಣದ ಗೊಂಬೆ, ಮೈಸೂರಿನ ಬೀಟೆ ಮರದ ಕುಸುರಿ ಇವುಗಳನ್ನು ಕೊಳ್ಳಲೇಬಾರದೇ ಎಂದು ಕೇಳಬಹುದು. ಧಾರಾಳವಾಗಿ ಕೊಳ್ಳಬಹುದು. ಆ ಕೈಕೆಲಸದಿಂದ ಸಂಸಾರಗಳು ನಡೆಯುತ್ತಿವೆ, ಅದು ಸಮ್ಯಕ್ ಆಜೀವ. ಎಲ್ಲರೂ 'ನನಗೇನೂ ಬೇಡ' ಎಂದು ವಿರಾಗಿಗಳಾದರೆ ಕುಶಲಕರ್ಮಿಯ ಒಲೆ ಹೊತ್ತುವುದಿಲ್ಲ. ಗೊಂಬೆ ಮಗುವಿನ ಕೈಯಲ್ಲಿ ಸವೆಯಲಿ. ಗಾಜಿನ ಹಿಂದೆ ಧೂಳು ಹಿಡಿಯುತ್ತಾ, 'ನಾನು ಅಲ್ಲಿಗೆ ಹೋಗಿದ್ದೆ' ಎಂದು ಬಂದವರಿಗೆಲ್ಲ ಸಾರುವ ಕೆಲಸಕ್ಕೆ ಅದು ಬೇಡ. ಆ ಸಾರುವಿಕೆಯಲ್ಲಿ ಇರುವುದು ಊರಿನ ನೆನಪಲ್ಲ, 'ನಾನು' ಎಂಬ ಅಂಟು.

ಮುಂದಿನ ಸಲ ಯಾವುದಾದರೂ ಊರಿನಲ್ಲಿ ನಿಮಗೆ ಕೊನೆಯ ದಿನ ಬಂದಾಗ ನೋಡುವ ಪಟ್ಟಿಯಿಂದ ಒಂದು ಜಾಗ ಕಡಿಮೆ ಮಾಡಿ. ಆ ಸಮಯದಲ್ಲಿ ಮೊಬೈಲ್ ಜೇಬಿನಲ್ಲಿಟ್ಟು, ಮೆಚ್ಚಿದ ಜಾಗದ ಎದುರು ಸುಮ್ಮನೆ ನಿಂತು ಕಣ್ತುಂಬ ನೋಡಿ. ಆಮೇಲೆ ಅಂಗಡಿಗೆ ಹೋಗುವಾಗ, ಈ ಊರು ನೋಡಲು ಬರಲಾಗದ ಒಬ್ಬರನ್ನು ಮನಸ್ಸಿಗೆ ತಂದುಕೊಳ್ಳಿ. ಏನು ಕೊಳ್ಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ.